ಅರಿವೆ ಒಗೆಯುವವರು ಯಾರು?

ದಿನಪತ್ರಿಕೆಯ ಒಳಪುಟದ ಮೂಲೆಯಲ್ಲಿ ಬರುವ ಒಂದು ಪುಟ್ಟ ಪ್ರಕಟಣೆಯನ್ನು ನೀವು ನೋಡಿಯೇ ಇರುತ್ತೀರಿ. ಮಸುಕಾದ ಒಂದು ಭಾವಚಿತ್ರ, ಅದರ ಕೆಳಗೆ ಎತ್ತರ, ಮೈಬಣ್ಣ, ಮೈಕಟ್ಟು, ಉಟ್ಟ ಬಟ್ಟೆಯ ವಿವರ, ಕೊನೆಯಲ್ಲಿ ಪೊಲೀಸ್ ಠಾಣೆಯ ದೂರವಾಣಿ ಸಂಖ್ಯೆ. ಚಿಕ್ಕೋಡಿ, ನಿಪ್ಪಾಣಿಯ ಕಡೆಯದಾದರೆ ‘ಕನ್ನಡ ಮತ್ತು ಮರಾಠಿ ಮಾತನಾಡುತ್ತಾರೆ’ ಎಂಬ ಸಾಲೂ ಇರುತ್ತದೆ. ನಾವು ಅದರ ಮೇಲೆ ಕಣ್ಣಾಡಿಸಿ ಪುಟ ತಿರುವುತ್ತೇವೆ. ಇಂಥ ಪ್ರಕಟಣೆಯ ಭಾಷೆಯಿಂದಲೇ ಒಂದು ಕನ್ನಡ ಚಿತ್ರ ತನ್ನ ಹೆಸರನ್ನು ಪಡೆಯಿತು: ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’. 2016ರ ಜೂನ್ ತಿಂಗಳಲ್ಲಿ ತೆರೆಕಂಡ ಇದು ಹೇಮಂತ್ ಎಂ. ರಾವ್ ಅವರ ನಿರ್ದೇಶನದ ಮೊದಲ ಚಿತ್ರ. ಮರೆವಿನ ರೋಗಕ್ಕೆ ತುತ್ತಾದ ವೆಂಕೋಬರಾಯರ ಪಾತ್ರದಲ್ಲಿ ಅನಂತ್ ನಾಗ್, ಅವರ ಮಗ ಶಿವನಾಗಿ ರಕ್ಷಿತ್ ಶೆಟ್ಟಿ.

ನಾನು ಆ ಚಿತ್ರವನ್ನು ಬೆಳಗಾವಿಯ ಚಿತ್ರಮಂದಿರದಲ್ಲಿ ನೋಡಿದೆ. ಆಗ ನನ್ನ ಅವ್ವನಿಗೆ ಅದೇ ರೋಗ ಹಿಡಿದು ಮೂರು ವರ್ಷಗಳಾಗಿದ್ದವು. ಅವಳು ರಾಯಬಾಗ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ಅಣ್ಣ–ವೈನಿಯರ ಬಳಿ ಇದ್ದಳು. ನಾನು ನೌಕರಿಯ ಊರಿನಲ್ಲಿದ್ದು ತಿಂಗಳಿಗೊಮ್ಮೆ ಹಣ ಕಳಿಸುತ್ತಿದ್ದೆ, ಎರಡು ತಿಂಗಳಿಗೊಮ್ಮೆ ಹೋಗಿ ಬರುತ್ತಿದ್ದೆ. ಚಿತ್ರ ಮುಗಿಯುವ ಹೊತ್ತಿಗೆ ನನ್ನ ಕರವಸ್ತ್ರ ತೊಯ್ದುಹೋಗಿತ್ತು. ಹೊರಗೆ ಬಂದಾಗ ಮನಸ್ಸು ಹಗುರಾಗಿತ್ತು. ಅತ್ತದ್ದರಿಂದಲೇ ಅವ್ವನಿಗೆ ಏನೋ ಸೇವೆ ಸಲ್ಲಿಸಿದಂಥ ಭಾವ. ನಿಮ್ಮೆದುರು ಇದನ್ನು ಒಪ್ಪಿಕೊಳ್ಳದೆ ಈ ಲೇಖನವನ್ನು ಮುಂದುವರಿಸುವುದು ಸರಿಯಲ್ಲ.

ಅವ್ವ 2018ರಲ್ಲಿ ತೀರಿಕೊಂಡಳು. ಮರುವರ್ಷ ಹಳ್ಳಿಯ ಮನೆಯಲ್ಲಿ ದೂರದರ್ಶನದ ಮುಂದೆ ಎಲ್ಲರೂ ಕುಳಿತಿದ್ದಾಗ ಅದೇ ಚಿತ್ರ ಬಂತು. ನಾನು ಮತ್ತೆ ಕಣ್ಣೊರೆಸಿಕೊಂಡೆ. ವೈನಿ ಕಡೆಯವರೆಗೆ ಸುಮ್ಮನೆ ನೋಡಿದರು. ಎದ್ದು ಒಳಗೆ ಹೋಗುವಾಗ ಒಂದೇ ಮಾತು ಕೇಳಿದರು: “ಎಲ್ಲಾ ಖರೇ, ಆದ್ರ ಈ ಅಜ್ಜನ ಅರಿವಿ ಒಗ್ಯಾವ್ರು ಯಾರ್ರೀ? ಅವರನ್ನ ತೋರಿಸಲೇ ಇಲ್ಲಲ್ಲ.”

ಹಲವು ವಿಮರ್ಶೆಗಳನ್ನು ಓದಿದ್ದೇನೆ. ಇದಕ್ಕಿಂತ ಚುಟುಕಾದ, ಇದಕ್ಕಿಂತ ನೇರವಾದ ವಿಮರ್ಶೆಯನ್ನು ನಾನು ಕಂಡಿಲ್ಲ. ಅಂದಿನಿಂದ ಈ ರೋಗದ ಬಗೆಗಿನ ಯಾವ ಚಿತ್ರವನ್ನು ನೋಡಿದರೂ ಆ ಪ್ರಶ್ನೆಯನ್ನು ಜೊತೆಗಿಟ್ಟುಕೊಂಡೇ ನೋಡುತ್ತೇನೆ. ನೀವೂ ಹಾಗೆಯೇ ನೋಡಬೇಕೆಂದು ಕೇಳಿಕೊಳ್ಳುವುದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

‘ಗೋಧಿ ಬಣ್ಣ’ ಕಳಪೆ ಚಿತ್ರವಲ್ಲ. ಅನಂತ್ ನಾಗ್ ಅವರ ಅಭಿನಯದಲ್ಲಿ ಅಬ್ಬರವಿಲ್ಲ. ಎದುರಿಗಿರುವವರನ್ನು ಗುರುತಿಸಲಾಗದ ಸಂಕೋಚವನ್ನು ಒಂದು ಸಭ್ಯ ಮುಗುಳುನಗೆಯಲ್ಲಿ ಅವರು ಮುಚ್ಚಿಕೊಳ್ಳುವ ರೀತಿಯನ್ನು, ಇಂಥವರೊಡನೆ ಬಾಳಿದವರು ಕೂಡಲೇ ಗುರುತಿಸುತ್ತಾರೆ. ತೀರಿಹೋದ ಹೆಂಡತಿ ಪುಷ್ಪಳ ಮೇಲಿನ ಪ್ರೀತಿ ಮಾತ್ರ ಅಳಿಸದೆ ಉಳಿದಿರುವುದೂ ನಂಬುವಂತಿದೆ. ಹಳೆಯದು ಉಳಿದು ಹೊಸದು ಮೊದಲು ಹೋಗುವುದೇ ಈ ರೋಗದ ಕ್ರಮ. ಆದರೆ ವೆಂಕೋಬರಾಯರು ಕಾಣೆಯಾದ ಮೇಲೆ ಚಿತ್ರ ಎರಡು ದಾರಿ ಹಿಡಿಯುತ್ತದೆ. ಒಂದು, ಮಗ ಮತ್ತು ಆರೈಕೆ ಕೇಂದ್ರದ ವೈದ್ಯೆ ಸೇರಿ ನಡೆಸುವ ಹುಡುಕಾಟ; ಇನ್ನೊಂದು, ಕೊಲೆ ಮಾಡಿ ಹೆಣ ಸಾಗಿಸುತ್ತಿರುವ ದುಷ್ಟರ ಕೈಗೆ ಮುದುಕ ಸಿಕ್ಕಿಬೀಳುವ ಕಥೆ. ಎರಡನೆಯದು ಏಕೆ ಬೇಕಾಯಿತೆಂದು ಯೋಚಿಸಿದ್ದೇನೆ. ಮರೆವಿನ ಮುದುಕನೊಬ್ಬ ಮನೆಯಲ್ಲಿ ಸುಮ್ಮನೆ ಕುಳಿತಿದ್ದರೆ ಪ್ರೇಕ್ಷಕ ಎದ್ದುಹೋಗುತ್ತಾನೆಂಬ ಭಯವೇ ಕಾರಣವಿರಬೇಕು. ಇದೇ ಕಥೆ 2018ರಲ್ಲಿ ಪ್ರಕಾಶ್ ರೈ ಅವರ ಅಭಿನಯದಲ್ಲಿ ತಮಿಳಿಗೂ ಹೋಯಿತು.

ಕಾಣೆಯಾಗುವುದು ನಿಜವಲ್ಲವೆ ಎಂದು ನೀವು ಕೇಳಬಹುದು. ನಿಜ. ನನ್ನ ಅವ್ವನೂ ಕಾಣೆಯಾಗಿದ್ದಳು. ಒಂದು ಮಧ್ಯಾಹ್ನ ಯಾರ ಗಮನಕ್ಕೂ ಬಾರದಂತೆ ಹೊರಟು ಬಸ್ ಹತ್ತಿದವಳು ಚಿಕ್ಕೋಡಿಯ ಬಸ್ ನಿಲ್ದಾಣದಲ್ಲಿ ಇಳಿದು ಕಲ್ಲುಬೆಂಚಿನ ಮೇಲೆ ಕುಳಿತಿದ್ದಳು. ನಿಪ್ಪಾಣಿಯ ತವರಿಗೆ ಹೊರಟಿದ್ದಳಂತೆ. ಆ ತವರಿನಲ್ಲಿ ಈಗ ಯಾರೂ ಇಲ್ಲ, ಆ ಮನೆಯೂ ಇಲ್ಲ. ಬಾಳೆಹಣ್ಣು ಮಾರುವ ಹೆಣ್ಣುಮಗಳೊಬ್ಬಳು ಸಂಶಯಪಟ್ಟು ಕಂಟ್ರೋಲರ್‌ಗೆ ತಿಳಿಸಿದ್ದರಿಂದ ಅವಳು ಸಿಕ್ಕಳು. ಠಾಣೆಯಲ್ಲಿ ದೂರು ಬರೆಸಲು ಅಣ್ಣ ನನಗೆ ದೂರವಾಣಿ ಮಾಡಿ, ಅವ್ವನ ವಿವರಗಳನ್ನು ಇಂಗ್ಲಿಷಿನಲ್ಲಿ ಬರೆದು ಕಳಿಸೆಂದು ಹೇಳಿದ್ದ. ಎತ್ತರ, ಬಣ್ಣ ಬರೆದೆ. ಉಟ್ಟ ಸೀರೆ ಯಾವುದು? ಕೊರಳಲ್ಲಿ ಏನಿದೆ? ಕೈಮೇಲೆ ಹಚ್ಚೆ ಇದೆಯೆ, ಇದ್ದರೆ ಯಾವ ಕೈ? ಒಂದೂ ಗೊತ್ತಿರಲಿಲ್ಲ. ವೈನಿಗೆ ಸೀರೆಯ ಅಂಚಿಗೆ ಹಾಕಿದ ಪಿನ್ನಿನ ಜಾಗವೂ ಗೊತ್ತಿತ್ತು.

ಅದಿರಲಿ. ಅವ್ವ ಕಾಣೆಯಾಗಿದ್ದುದು ಐದು ತಾಸು. ಅವಳು ಕಾಯಿಲೆಯಲ್ಲಿ ಇದ್ದುದು ಐದು ವರ್ಷ. ಸಿನಿಮಾ ಆ ಐದು ತಾಸುಗಳನ್ನು ಎರಡು ಗಂಟೆ ಹೇಳುತ್ತದೆ, ಐದು ವರ್ಷಗಳನ್ನು ಎರಡು ನಿಮಿಷದಲ್ಲಿ ಮುಗಿಸುತ್ತದೆ. ಹುಡುಕುವುದಕ್ಕೆ ಓಡಾಟ ಬೇಕು, ಬೀದಿ ಬೇಕು, ಕ್ಯಾಮೆರಾ ಬೆನ್ನಟ್ಟಬಹುದಾದ ಒಬ್ಬ ನಾಯಕ ಬೇಕು. ಸಾಮಾನ್ಯವಾಗಿ ಅವನು ಮಗ. ಆದರೆ ರಾತ್ರಿ ಎರಡು ಗಂಟೆಗೆ ಎದ್ದು, ಬಾಗಿಲ ಚಿಲಕ ಎಳೆಯುತ್ತಿರುವ ಮುದುಕಿಯನ್ನು ಮೆಲ್ಲಗೆ ಹಾಸಿಗೆಗೆ ಕರೆತಂದು, ತೊಯ್ದ ಹಾಸಿಗೆ ಬದಲಿಸಿ, ಬೆಳಿಗ್ಗೆ ಐದಕ್ಕೆ ಮತ್ತೆ ಎದ್ದು ಎಮ್ಮೆ ಹಿಂಡುವ ಸೊಸೆಯ ಬದುಕಿನಲ್ಲಿ ಬೆನ್ನಟ್ಟುವಂಥದ್ದು ಏನಿದೆ? ಅದು ನಿನ್ನೆಯಂತೆಯೇ ಇಂದು, ಇಂದಿನಂತೆಯೇ ನಾಳೆ.

ಆ ಬದುಕಿಗೆ ಹೆಚ್ಚು ಹತ್ತಿರ ಬಂದದ್ದು ಮಲಯಾಳಂನ ‘ತನ್ಮಾತ್ರ’. ಬ್ಲೆಸ್ಸಿ ನಿರ್ದೇಶಿಸಿ 2005ರಲ್ಲಿ ಬಂದ ಚಿತ್ರ. ತಿರುವನಂತಪುರದ ಸಚಿವಾಲಯದ ನೌಕರ ರಮೇಶನ್ ನಾಯರ್ (ಮೋಹನ್‌ಲಾಲ್) ವೃದ್ಧನೇನಲ್ಲ. ಓದುವ ಮಕ್ಕಳ ತಂದೆ. ಕಚೇರಿಯ ಮುಖ್ಯ ಕಡತ ಮನೆಯ ಫ್ರಿಜ್ಜಿನಲ್ಲಿ ಸಿಗುತ್ತದೆ. ಮೊದಮೊದಲು ನಗು ಬರಿಸುವ ಮರೆವು ಮೆಲ್ಲಮೆಲ್ಲಗೆ ಮನೆಯವರ ಗಂಟಲು ಹಿಡಿಯುವುದನ್ನು ಈ ಚಿತ್ರ ಅವಸರವಿಲ್ಲದೆ ತೋರಿಸುತ್ತದೆ. ಹೆಂಡತಿ ಲೇಖಾ ಕಣ್ಣೀರು ಸುರಿಸುವುದಕ್ಕೆಂದೇ ಇರುವ ಪಾತ್ರವಲ್ಲ. ಗಂಡ ಮಗುವಾಗುತ್ತ ಹೋದಂತೆ ಅವಳು ಹೆಂಡತಿಯ ಸ್ಥಾನವನ್ನೇ ಕಳೆದುಕೊಳ್ಳುತ್ತಾಳೆ. ಇಲ್ಲಿ ದುಷ್ಟರಿಲ್ಲ, ಬೆನ್ನಟ್ಟುವಿಕೆಯಿಲ್ಲ. ಆದರೂ ಕೇರಳದ ಜನ ಎದ್ದುಹೋಗಲಿಲ್ಲ, ಮನೆಮಂದಿಯೆಲ್ಲ ಕುಳಿತು ನೋಡಿದರು. ಪ್ರೇಕ್ಷಕನ ಬಗ್ಗೆ ನಮ್ಮ ನಿರ್ಮಾಪಕರಿಗಿರುವ ಭಯಕ್ಕೆ ಇದೇ ಉತ್ತರ.

ಅದೇ 2005ರಲ್ಲಿ ಹಿಂದಿಯಲ್ಲಿ ‘ಬ್ಲ್ಯಾಕ್’ ಬಂತು, ‘ಮೈನೆ ಗಾಂಧಿ ಕೊ ನಹೀಂ ಮಾರಾ’ ಬಂತು. ಒಂದರಲ್ಲಿ ಮರೆಯುವವನು ಅಸಾಧಾರಣ ಶಿಕ್ಷಕ, ಮತ್ತೊಂದರಲ್ಲಿ ಹಿಂದಿಯ ಪ್ರಾಧ್ಯಾಪಕ. 2014ರ ಇಂಗ್ಲಿಷ್ ಚಿತ್ರ ‘ಸ್ಟಿಲ್ ಆಲಿಸ್’ನಲ್ಲಿ ಭಾಷಾಶಾಸ್ತ್ರದ ಪ್ರಾಧ್ಯಾಪಕಿ. ಇಲ್ಲಿ ಒಂದು ಸಂಗತಿಯನ್ನು ಗಮನಿಸಿ: ತೆರೆಯ ಮೇಲೆ ನೆನಪು ಕಳೆದುಕೊಳ್ಳುವವರೆಲ್ಲ ಬಹಳ ಓದಿದವರು, ಪೇಟೆಯವರು. ದೊಡ್ಡ ಗ್ರಂಥಾಲಯವೊಂದು ಉರಿಯುವುದನ್ನು ನೋಡುವಂತೆ ನಾವು ಮರುಗಬೇಕೆಂಬುದು ಉದ್ದೇಶ. ಆದರೆ ನಮ್ಮ ದೇಶದ ವೃದ್ಧರನ್ನು ಕುರಿತು ನಡೆದ ದೊಡ್ಡ ಅಧ್ಯಯನವೊಂದರ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಅರವತ್ತು ದಾಟಿದವರಲ್ಲಿ ನೂರಕ್ಕೆ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿಗೆ ಈ ಬಗೆಯ ಬುದ್ಧಿಮಾಂದ್ಯವಿದೆಯೆಂದು ಅದು ಅಂದಾಜು ಮಾಡಿದೆ. ಗಂಡಸರಿಗಿಂತ ಹೆಂಗಸರಲ್ಲಿ, ಪಟ್ಟಣಗಳಿಗಿಂತ ಹಳ್ಳಿಗಳಲ್ಲಿ ಇದು ಹೆಚ್ಚು. ಅಂದರೆ ಈ ರೋಗದ ನಿಜವಾದ ಮುಖ ಪ್ರಾಧ್ಯಾಪಕನದಲ್ಲ. ಅಥಣಿ, ರಾಯಬಾಗದ ಹಳ್ಳಿಯ ಕಟ್ಟೆಯ ಮೇಲೆ ಕುಳಿತ ಮುದುಕಿಯದು. ಅವಳನ್ನು ನಾವು ರೋಗಿಯೆಂದು ಎಣಿಸುವುದೇ ಇಲ್ಲ. ‘ಅರವತ್ತಕ್ಕೆ ಅರಳು ಮರಳು’ ಎಂಬ ಗಾದೆ ಸಿದ್ಧವಾಗಿಯೇ ಇದೆ. ಜರ್ಮನಿಯ ವೈದ್ಯ ಆಲೋಯಿಸ್ ಆಲ್‌ಝೈಮರ್ 1906ರಲ್ಲೇ ತನ್ನ ರೋಗಿಯೊಬ್ಬಳ ಮಿದುಳಿನಲ್ಲಿ ಕಂಡ ಬದಲಾವಣೆಗಳನ್ನು ಸಹವೈದ್ಯರ ಮುಂದಿಟ್ಟಿದ್ದ. ಇದು ಮುಪ್ಪಿನ ಸಹಜ ಗುಣವಲ್ಲ, ಮಿದುಳಿನ ಕಾಯಿಲೆ. ಕುಡಚಿ, ಉಗಾರ, ಕಾಗವಾಡ ದಾಟಿ ಮಿರಜಿಗೆ ಕರೆದೊಯ್ದು ಅಲ್ಲಿಯ ವೈದ್ಯರು ವಿವರಿಸುವವರೆಗೆ ನಾವೂ ಅವ್ವನನ್ನು ಗದರುತ್ತಲೇ ಇದ್ದೆವು. ಎರಡು ವರ್ಷ ಗದರಿದೆವು.

ನನ್ನ ಅವ್ವ ಯಾವ ಗ್ರಂಥವನ್ನೂ ಓದಿದವಳಲ್ಲ. ಮದುವೆಗೆ ಮುಂಚೆ ನಿಪ್ಪಾಣಿಯಲ್ಲಿ ಬೀಡಿ ಕಟ್ಟುತ್ತಿದ್ದವಳು. ಎಲ್ಲರ ಹೆಸರೂ ಮರೆತ ಮೇಲೂ ಅವಳ ಬೆರಳು ಆ ಕೆಲಸವನ್ನು ಮರೆಯಲಿಲ್ಲ. ಸೀರೆಯ ಸೆರಗನ್ನು ಹಿಡಿದು, ಎಲೆ ಮಡಿಸುವಂತೆ ಮಡಿಸಿ, ಸುರುಳಿ ಸುತ್ತಿ, ತುದಿ ಒಳಗೆ ತುರುಕಿ, ಎಣಿಸಿ ಪಕ್ಕಕ್ಕಿಡುವಂತೆ ಮಾಡುತ್ತಿದ್ದಳು. ಸಂಜೆಯಾದಂತೆ ಆ ಕೈಗಳ ವೇಗ ಹೆಚ್ಚುತ್ತಿತ್ತು; ಲೆಕ್ಕ ಒಪ್ಪಿಸುವ ಹೊತ್ತಾಯಿತೆಂಬ ಗಾಬರಿ. ಬುದ್ಧಿಯ ನೆನಪು ಹೋದರೂ ಕೈಯ ನೆನಪು ತಡವಾಗಿ ಹೋಗುತ್ತದೆಂದು ವೈದ್ಯರು ಹೇಳಿದರು. ವೈನಿ ಹಳೆಯ ಕೌದಿಯಿಂದ ಬಟ್ಟೆಯ ಚೂರುಗಳನ್ನು ಕತ್ತರಿಸಿ ಕೊಟ್ಟರು. ಅವ್ವ ದಿನವಿಡೀ ಅವನ್ನು ಸುತ್ತುತ್ತ ಸಮಾಧಾನದಿಂದ ಇರುತ್ತಿದ್ದಳು. ಇಂಥ ಒಂದು ದೃಶ್ಯ ಯಾವ ಚಿತ್ರದಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಇನ್ನೊಂದು ಸಂಗತಿ ನಮ್ಮ ಗಡಿಭಾಗಕ್ಕೇ ವಿಶೇಷವಾದದ್ದು. ಅವ್ವನ ತಾಯ್ನುಡಿ ಮರಾಠಿ. ಐವತ್ತು ವರ್ಷ ಕನ್ನಡದಲ್ಲಿ ಸಂಸಾರ ಮಾಡಿದವಳು ಕೊನೆಗೆ ಕನ್ನಡವನ್ನು ಪೂರ್ತಿ ಬಿಟ್ಟುಕೊಟ್ಟಳು. ಆಮೇಲೆ ಕಲಿತ ಭಾಷೆ ಮೊದಲು ಕಳಚಿಬಿತ್ತು. ಜಪಸರ ಕೈಗಿಟ್ಟರೆ ಮರಾಠಿಯಲ್ಲಿ ಒಂದಕ್ಷರ ತಪ್ಪದೆ ಹೇಳುತ್ತಿದ್ದಳು. ಮೊಮ್ಮಕ್ಕಳು ಕನ್ನಡದಲ್ಲಿ ಮಾತನಾಡಿಸಿದರೆ ಅಪರಿಚಿತರಂತೆ ನೋಡುತ್ತಿದ್ದಳು. ವೈನಿ ಅಥಣಿ ಕಡೆಯವರು, ಮರಾಠಿ ಅಷ್ಟಕ್ಕಷ್ಟೆ. ನಲವತ್ತೈದು ದಾಟಿದ ಮೇಲೆ, ನೆರೆಮನೆಯವರನ್ನು ಕೇಳಿ ಕೇಳಿ, ಊಟಕ್ಕೆ, ನೀರಿಗೆ, ಬಾಧೆಗೆ, ಭಯಕ್ಕೆ ಬೇಕಾದಷ್ಟು ಮರಾಠಿಯನ್ನು ಕಲಿತರು. ಅವ್ವ ಅವರನ್ನು ‘ಆಯಿ’ ಎಂದು ಕರೆಯತೊಡಗಿದಳು. ಅತ್ತೆ ಸೊಸೆಯನ್ನು ತಾಯಿಯೆನ್ನುವುದು ಕೇಳಲು ಚೆನ್ನಾಗಿದೆ. ಆದರೆ ಹಾಗೆ ಕರೆಸಿಕೊಂಡವರಿಗೆ ಅರ್ಧ ತಾಸೂ ಮನೆ ಬಿಟ್ಟು ಹೋಗಲಾಗುತ್ತಿರಲಿಲ್ಲ. ಎಲ್ಲಿ ಹೋದರೂ ಹಿಂದಿನಿಂದ ‘ಆಯಿ, ಆಯಿ’ ಎಂಬ ಕೂಗು.

ಮರಾಠಿ ಚಿತ್ರ ‘ಅಸ್ತು’ವನ್ನು ನೋಡುವಾಗ ನಾನು ನೆಟ್ಟಗೆ ಕುಳಿತದ್ದು ಈ ಕಾರಣಕ್ಕೆ. ಸುಮಿತ್ರಾ ಭಾವೆ ಮತ್ತು ಸುನೀಲ್ ಸುಕಥನಕರ್ ಅವರ ಚಿತ್ರ. 2013ನೆಯ ಸಾಲಿನ ರಾಷ್ಟ್ರೀಯ ಪ್ರಶಸ್ತಿಗಳಲ್ಲಿ ಎರಡನ್ನು ಪಡೆಯಿತು: ಸಂಭಾಷಣೆಗೆ ಸುಮಿತ್ರಾ ಭಾವೆ ಅವರಿಗೆ, ಪೋಷಕ ಪಾತ್ರಕ್ಕೆ ಅಮೃತಾ ಸುಭಾಷ್ ಅವರಿಗೆ. ಸಂಸ್ಕೃತ ಪಂಡಿತ ಚಕ್ರಪಾಣಿ ಶಾಸ್ತ್ರಿಗಳ ಪಾತ್ರ ಮಾಡಿದವರು ಡಾ. ಮೋಹನ್ ಆಗಾಶೆ, ನಟರಾಗುವುದರ ಜೊತೆಗೆ ಸ್ವತಃ ಮನೋವೈದ್ಯರು. ಮಗಳೊಡನೆ ಕಾರಿನಲ್ಲಿ ಹೊರಟ ಶಾಸ್ತ್ರಿಗಳು ಬೀದಿಯಲ್ಲಿ ಆನೆಯೊಂದನ್ನು ಕಂಡು ಮಗುವಿನಂತೆ ಅದರ ಹಿಂದೆ ಹೋಗಿಬಿಡುತ್ತಾರೆ. ಮಾವುತನ ಹೆಂಡತಿ ಚನ್ನಮ್ಮ, ಕನ್ನಡ ಬೆರೆತ ಮಾತಿನ ಬಡ ಹೆಣ್ಣುಮಗಳು, ಈ ಗುರುತಿಲ್ಲದ ಮುದುಕನಿಗೆ ಉಣಿಸುತ್ತಾಳೆ, ಸಂತೈಸುತ್ತಾಳೆ. ಅವರು ಅವಳನ್ನು ತಾಯಿಯೆಂದೇ ತಿಳಿಯುತ್ತಾರೆ. ನಮ್ಮ ಮನೆಯಲ್ಲಿ ನಡೆದದ್ದೇ ಇಲ್ಲಿ ಭಾಷೆಗಳು ಅದಲುಬದಲಾಗಿ ನಡೆಯುತ್ತದೆ. ‘ಅಸ್ತು’ ಎಂದರೆ ‘ಹಾಗೇ ಆಗಲಿ’ ಎಂದರ್ಥ. ಪ್ರಾರ್ಥನೆಯ ಕೊನೆಗೆ ನಾವು ‘ಆಮೆನ್’ ಎಂದಾಗ ಹೇಳುವುದೂ ಅದನ್ನೇ.

ಇಲ್ಲಿಯೂ ಕಾಣೆಯಾಗುವಿಕೆಯೇ ಕಥೆಯ ಎಳೆ. ಆದರೆ ಹುಡುಕಾಟದ ನಡುವೆ ಮಗಳು ಇರಾಳ ಒಳಗಿನ ತೊಳಲಾಟವೂ ತೆರೆಗೆ ಬರುತ್ತದೆ. ತಂದೆಯ ಮೇಲೆ ಬೇಸರ, ಆ ಬೇಸರಕ್ಕಾಗಿ ತನ್ನ ಮೇಲೇ ಸಿಟ್ಟು, ಮನೆಯಲ್ಲಿಟ್ಟುಕೊಳ್ಳಬೇಕೆ ಬೇಡವೆ ಎಂಬ ಪ್ರಶ್ನೆ. ಬೇಸರ ಬರುತ್ತದೆಂದು ತೆರೆಯ ಮೇಲೆ ಒಪ್ಪಿಕೊಳ್ಳುವುದು ಸಣ್ಣ ಧೈರ್ಯವಲ್ಲ. ನಮ್ಮ ಮನೆಗಳಲ್ಲಿ ಯಾವ ಸೊಸೆಯೂ ಅದನ್ನು ಬಾಯಿಬಿಟ್ಟು ಹೇಳಲಾರಳು. ಹೇಳಿದರೆ ಪುಣ್ಯವೆಲ್ಲ ಸೋರಿಹೋಗುತ್ತದೆಂದು ನಾವು ಹೆದರಿಸಿಟ್ಟಿದ್ದೇವೆ.

ಆದರೂ ನನಗೊಂದು ತಕರಾರಿದೆ. ಓದಿದ, ಅನುಕೂಲಸ್ಥ ಕುಟುಂಬಕ್ಕೆ ಮಮತೆಯ ಪಾಠ ಕಲಿಸಲು ಬೀದಿಬದಿಯ ಬಡ ಹೆಂಗಸೇ ಬರಬೇಕೆ? ಚನ್ನಮ್ಮನಿಗೆ ಸಹನೆ ಹುಟ್ಟಿನಿಂದಲೇ ಬಂದದ್ದೆಂಬಂತೆ ಚಿತ್ರ ತೋರಿಸುತ್ತದೆ. ವೈನಿಯ ಸಹನೆ ಹಾಗೆ ಬಂದದ್ದಲ್ಲ. ದಿನಕ್ಕೆ ಹತ್ತು ಸಲ ಕಳೆದುಹೋಗಿ, ಹತ್ತು ಸಲ ಕೂಡಿಸಿಕೊಂಡದ್ದು. ಮಗ ತಂದ ಲ್ಯಾಪ್‌ಟಾಪಿನಲ್ಲಿ ಈ ಚಿತ್ರವನ್ನು ಅವರಿಗೂ ತೋರಿಸಿದೆ. “ಆನಿ ಭಾಳ ಚಲೋ ಐತಿ” ಎಂದರು ಮೊದಲು. ಸ್ವಲ್ಪ ಹೊತ್ತಿನ ಮೇಲೆ, “ಆಕಿ ಒಂದ ದಿನ ನೋಡಿಕೊಂಡಾಳ. ಒಂದ ದಿನ ನಾನೂ ಹಿಂಗ ನಕ್ಕೋತ ಇರತಿದ್ನಿ” ಎಂದರು.

ಸಿರಾಖನ ಗ್ರಂಥದ ಮೂರನೆಯ ಅಧ್ಯಾಯದಲ್ಲಿ ಮುಪ್ಪಿನ ತಂದೆಯನ್ನು ಕುರಿತು ಒಂದು ಬುದ್ಧಿವಾದವಿದೆ. ಅವನ ಬುದ್ಧಿ ಮಂಕಾದರೂ ತಾಳ್ಮೆಯಿಂದ ನಡೆದುಕೊಳ್ಳಬೇಕೆಂಬುದು ಅದರ ಸಾರ. ದೇವಾಲಯದಲ್ಲಿ ಅದನ್ನು ಎಷ್ಟೋ ಸಲ ಕೇಳಿದ್ದೇವೆ. ಆ ಮಾತನ್ನು ಹೇಳಿರುವುದು ಮಗನಿಗೆ. ಅದನ್ನು ಸೊಸೆಗೆ ದಾಟಿಸಿದವರು ನಾವು. ಆ ಐದು ವರ್ಷಗಳಲ್ಲಿ ಅವ್ವನನ್ನು ನೋಡಲು ಬಂಧುಗಳು ಬಂದರು, ಊರವರು ಬಂದರು, ಪ್ರಾರ್ಥಿಸಿ ಹಣ್ಣು ಇಟ್ಟು ಹೋದರು. ‘ನೀವು ಎರಡು ತಾಸು ಮಲಗಿರಿ, ನಾನು ಕೂಡುತ್ತೇನೆ’ ಎಂದು ವೈನಿಗೆ ಹೇಳಿದವರು ಒಬ್ಬರೂ ಇಲ್ಲ. ನಾನೂ ಹೇಳಲಿಲ್ಲ.

ರೋಗಿಯ ಒಳಗಿನಿಂದ ಜಗತ್ತನ್ನು ತೋರಿಸಿದ ಚಿತ್ರವೆಂದರೆ ಫ್ಲೋರಿಯನ್ ಝೆಲರ್ ಅವರ ‘ದ ಫಾದರ್’ (2020). ಮನೆಯ ಸಾಮಾನು ಜಾಗ ಬದಲಿಸುತ್ತದೆ, ಮಗಳ ಮುಖವೇ ಬೇರೆಯಾಗಿ ಕಾಣುತ್ತದೆ. ನೋಡುವ ನಮಗೂ ಯಾವುದು ನಿಜವೆಂದು ತಿಳಿಯದೆ ತಲೆ ತಿರುಗುತ್ತದೆ. ಆಂಥೊನಿ ಹಾಪ್ಕಿನ್ಸ್ ಅವರಿಗೆ 83ನೆಯ ವಯಸ್ಸಿನಲ್ಲಿ ಆಸ್ಕರ್ ತಂದುಕೊಟ್ಟ ಪಾತ್ರವಿದು. ಅವ್ವ ಕನ್ನಡಿಯಲ್ಲಿ ತನ್ನನ್ನೇ ನೋಡಿ ಏಕೆ ಹೆದರುತ್ತಿದ್ದಳೆಂದು ಈ ಚಿತ್ರ ನೋಡಿದ ಮೇಲೆ ನನಗೆ ಅರ್ಥವಾಯಿತು.

ವೈನಿಯ ಪ್ರಶ್ನೆಗೆ ನೇರವಾಗಿ ಉತ್ತರ ಕೊಟ್ಟ ಚಿತ್ರ ಮಾತ್ರ ಇರಾನಿನದು. ಅಸ್ಗರ್ ಫರ್ಹಾದಿ ಅವರ ‘ಎ ಸೆಪರೇಶನ್’ (2011). ಗಂಡ ಹೆಂಡಿರ ಜಗಳದ ಕಥೆಯೆಂದು ಅದನ್ನು ಹೇಳುವುದುಂಟು. ಆದರೆ ಆ ಜಗಳದ ಬುಡದಲ್ಲಿ ಮರೆವಿನ ರೋಗದ ತಂದೆಯೊಬ್ಬನಿದ್ದಾನೆ. ಹೆಂಡತಿಗೆ ದೇಶ ಬಿಟ್ಟು ಹೋಗಬೇಕು, ಗಂಡ ನಾದೆರ್ ತಂದೆಯನ್ನು ಬಿಟ್ಟು ಬರಲೊಲ್ಲ. ಮುದುಕನನ್ನು ನೋಡಿಕೊಳ್ಳಲು ಕೂಲಿಗೆ ಬಂದ ಬಸುರಿ ಹೆಣ್ಣುಮಗಳು ರಜಿಯೆ, ಅವನು ಬಟ್ಟೆಯಲ್ಲೇ ಮಾಡಿಕೊಂಡಾಗ ದಿಕ್ಕು ತೋಚದೆ ನಿಲ್ಲುತ್ತಾಳೆ. ಪರಪುರುಷನ ಬಟ್ಟೆ ಬದಲಿಸಿದರೆ ಪಾಪವಾಗುವುದೆ ಎಂದು ದೂರವಾಣಿ ಮಾಡಿ ಧರ್ಮ ಬಲ್ಲವರನ್ನು ಕೇಳುತ್ತಾಳೆ. ನಾನು ನೋಡಿದ ಚಿತ್ರಗಳಲ್ಲಿ ಅರಿವೆಯ ಪ್ರಶ್ನೆಯನ್ನು ಇಷ್ಟು ನೇರವಾಗಿ ಎತ್ತಿದ್ದು ಇದೊಂದೇ. ಮುಂದೆ ಒಂದು ದೃಶ್ಯದಲ್ಲಿ ನಾದೆರ್ ತಾನೇ ತಂದೆಗೆ ಸ್ನಾನ ಮಾಡಿಸುತ್ತಾನೆ. ಬೆನ್ನು ತಿಕ್ಕುತ್ತ ತಿಕ್ಕುತ್ತ ತಡೆಯಲಾರದೆ ಅತ್ತುಬಿಡುತ್ತಾನೆ.

ಕಳೆದ ಮಳೆಗಾಲದಲ್ಲಿ ಊರಿಗೆ ಹೋದಾಗ ಅದನ್ನೂ ವೈನಿಗೆ ತೋರಿಸಿದೆ. ಪಾರಸಿ ಮಾತು, ಕೆಳಗೆ ಇಂಗ್ಲಿಷ್ ಅಕ್ಷರ. ನಾನು ಬದಿಯಲ್ಲಿ ಕುಳಿತು ಹೇಳುತ್ತ ಹೋದೆ. ಸ್ನಾನದ ದೃಶ್ಯ ಬಂದಾಗ ಹೇಳುವುದನ್ನು ನಿಲ್ಲಿಸಿದೆ, ಹೇಳಬೇಕಾದದ್ದೇನೂ ಇರಲಿಲ್ಲ. ವೈನಿ ಮುಂದಕ್ಕೆ ಬಾಗಿ ಕಣ್ಣಿಟ್ಟು ನೋಡಿದರು. ಅಳುತ್ತಾರೇನೋ ಎಂದುಕೊಂಡೆ.

“ನೀರು ಮೊದಲ ಬೆನ್ನಿಗೆ ಹಾಕಬಾರದು” ಎಂದರು. “ಅಂಜತಾರ. ಮೊದಲ ಕಾಲಿಗೆ ಹಾಕಬೇಕು, ಆಮ್ಯಾಲ ಕೈಗೆ. ನೀರಂದ್ರ ಏನೂ ಅಂಜಿಕಿಲ್ಲ ಅಂತ ಗೊತ್ತಾಗಬೇಕು. ನಿಮ್ಮ ಅವ್ವಗ ನಾನು ಹಂಗ ಹಾಕತಿದ್ನಿ.”

ನನಗೆ ಅದು ಗೊತ್ತಿರಲಿಲ್ಲ.